ಕೋಣೆ ಬಾಡಿಗೆಗಿದೆ

ಬಾಸ್ಟನ್ ಬಂದರು ಬಿಟ್ಟು ಒಂದೂವರೆ ಗಂಟೆ ಆಗುತ್ತ ಬಂದಿದೆ. ಸುತ್ತ ಬರೀ ನೀರು. ಮೊದಲು ಕಾಣಿಸುವುದು ಒಂದು ಕಲ್ಲಿನ ಗೋಪುರ, ನೆಲ ಆಮೇಲೆ. ಮ್ಯಾಪಿನಲ್ಲಿ ನೋಡಿದರೆ ಮ್ಯಾಸಚೂಸೆಟ್ಸ್ ರಾಜ್ಯ ಅಟ್ಲಾಂಟಿಕ್ ಸಾಗರದೊಳಕ್ಕೆ ತೋಳು ಚಾಚಿ, ಮೊಣಕೈ ಮಡಚಿ, ಮುಷ್ಟಿ ಹಿಡಿದ ಹಾಗಿದೆ. ಆ ಮುಷ್ಟಿಯೊಳಗಿನ ಊರು ಪ್ರಾವಿನ್ಸ್‌ಟೌನ್.

ದೋಣಿಯ ಮೇಲಟ್ಟದಲ್ಲಿ ಗಾಳಿ ಜೋರು. ನಮ್ಮೆದುರಿನ ಬೆಂಚಿನಲ್ಲಿ ಇಬ್ಬರು ಹುಡುಗರು. ಬಾಸ್ಟನ್ನಿನಲ್ಲಿ ಹತ್ತುವಾಗ ನಡುವೆ ಒಂದು ಗೇಣು ಜಾಗ ಬಿಟ್ಟು ಕೂತಿದ್ದರು. ಗೋಪುರ ಕಾಣುವ ಹೊತ್ತಿಗೆ ಆ ಗೇಣು ಇಲ್ಲ. ಒಬ್ಬನ ತಲೆ ಇನ್ನೊಬ್ಬನ ಭುಜದ ಮೇಲಿದೆ. ಪಕ್ಕದ ಅಜ್ಜಿ ಕಾಲ ಬಳಿ ನಾಯಿ ಮಲಗಿಸಿಕೊಂಡು ಪದಬಂಧ ಬಿಡಿಸುತ್ತಿದ್ದಾಳೆ, ತಲೆ ಎತ್ತುವುದಿಲ್ಲ. ನಮ್ಮವನು ನನ್ನ ಕಡೆ ನೋಡುತ್ತಾನೆ. ನಾನು ನೀರಿನ ಕಡೆ ನೋಡುತ್ತೇನೆ. ಅಭ್ಯಾಸ ಬಲ.

ನಾನು ಬೆಳುಗುಪ್ಪದವನು. ಅನಂತಪುರ ಜಿಲ್ಲೆ, ಕಲ್ಯಾಣದುರ್ಗದ ಪಕ್ಕ; ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ನಮ್ಮೂರಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಸಮುದ್ರ ಮುನ್ನೂರು ಕಿಲೋಮೀಟರಿನಾಚೆ. ಕಡಲೆಕಾಯಿ ಹೊಲ, ಬಂಡೆ ಗುಡ್ಡ, ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನು, ಇಷ್ಟು ನಮ್ಮ ಸೀಮೆ. ಜೀಡಿಪಲ್ಲಿ ಜಲಾಶಯಕ್ಕೆ ಕೃಷ್ಣೆಯ ನೀರು ಬಂದಾಗ ಜನ ಎತ್ತಿನ ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ನೋಡಲು ಹೋಗಿದ್ದರು. ಹೀಗಿರುವವನಿಗೆ ಕಡಲೂರು ಅಂದರೆ ಅರ್ಧ ಹೆದರಿಕೆ. ಇನ್ನರ್ಧ ಹೆದರಿಕೆ ಈ ಊರಿನ ಹೆಸರು ಕೇಳಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಗಂಡು ಗಂಡಿನ ಜೊತೆ, ಹೆಣ್ಣು ಹೆಣ್ಣಿನ ಜೊತೆ ಬೇಸಿಗೆ ಕಳೆಯಲು ಬರುವ ಊರು ಅಂತ ಇದರ ಖ್ಯಾತಿ ನೂರು ವರ್ಷದಷ್ಟು ಹಳೆಯದು.

ದೋಣಿ ನಿಧಾನವಾಗುತ್ತದೆ. ಹಡಗುಕಟ್ಟೆಯ ತುದಿಯಲ್ಲಿ ಬಣ್ಣ ಮಾಸಿದ ಮರದ ಕಟ್ಟಡ. ಅದರ ಗೋಡೆಯ ಮೇಲೆ ಐದು ಮುದುಕಿಯರ ಆಳೆತ್ತರ ಮೀರಿದ ಕಪ್ಪು-ಬಿಳುಪು ಫೋಟೋಗಳು. ಸುಕ್ಕು ಬಿದ್ದ ಮುಖಗಳು, ನೇರ ನೋಟ. ನಾರ್ಮಾ ಹೋಲ್ಟ್ ತೆಗೆದ ಚಿತ್ರಗಳಿವು, 2003ರಲ್ಲಿ ಇಲ್ಲಿ ಹಾಕಿದ್ದು. ಐವರೂ ಈ ಊರಿನ ಪೋರ್ಚುಗೀಸ್ ಮೂಲದ ಮೀನುಗಾರ ಕುಟುಂಬಗಳ ಹೆಂಗಸರು. ಮೋಜಿನ ಊರು ಅಂತ ಬಂದವನನ್ನು ಮೊದಲು ಎದುರುಗೊಳ್ಳುವವರು ಈ ಅಜ್ಜಿಯರು. ಅವರ ಮುಖ ನೆನಪಿಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ಕಟ್ಟೆ ದಾಟಿದರೆ ಕಮರ್ಷಿಯಲ್ ಸ್ಟ್ರೀಟ್. ಊರಿಗೆಲ್ಲ ಇದೇ ಒಂದು ದೊಡ್ಡ ಬೀದಿ. ದೊಡ್ಡದು ಅಂದರೆ ಉದ್ದಕ್ಕೆ ಮಾತ್ರ. ಅಗಲಕ್ಕೆ ಒಂದು ಕಾರು ಹೋದರೆ ಮುಗಿಯಿತು. ಆ ಕಾರೂ ಹೋಗುವುದಿಲ್ಲ, ಯಾಕೆಂದರೆ ಜನ ಬೀದಿಯ ನಡುವೆಯೇ ನಡೆಯುತ್ತಾರೆ. ಸೈಕಲ್ಲುಗಳು ಎರಡೂ ಕಡೆಯಿಂದ ಗಂಟೆ ಬಾರಿಸುತ್ತ ನುಗ್ಗುತ್ತವೆ. ಕರಿದ ಎಣ್ಣೆಯ ವಾಸನೆ: ಪೋರ್ಚುಗೀಸ್ ಬೇಕರಿಯ ಮಲಸಾಡ, ಹಿಟ್ಟು ಹುದುಗು ಬರಿಸಿ, ಕೈಯಲ್ಲಿ ಎಳೆದು, ಎಣ್ಣೆಗೆ ಬಿಟ್ಟು, ಸಕ್ಕರೆಯಲ್ಲಿ ಹೊರಳಿಸಿದ್ದು. ಬಿಸಿಯಿರುವಾಗಲೇ ತಿನ್ನಬೇಕು, ಬೆರಳು, ಗಡ್ಡ, ಅಂಗಿಯ ಮುಂಭಾಗ ಎಲ್ಲ ಸಕ್ಕರೆಮಯ.

ಎದುರಿಗೆ ಆರೂವರೆ ಅಡಿ ಎತ್ತರದ ಹೆಂಗಸೊಬ್ಬಳು. ಅದರಲ್ಲಿ ಅರ್ಧ ಅಡಿ ಚಪ್ಪಲಿ, ಇನ್ನರ್ಧ ಅಡಿ ಕೆಂಪು ವಿಗ್ಗು. ಮಧ್ಯಾಹ್ನದ ಬಿಸಿಲಿಗೆ ಬಣ್ಣ ಕರಗದ ಹಾಗೆ ಬೀಸಣಿಗೆ ಬೀಸಿಕೊಳ್ಳುತ್ತ ಹೋಗಿಬರುವವರಿಗೆ ಚೀಟಿ ಹಂಚುತ್ತಿದ್ದಾಳೆ. "ರಾತ್ರಿ ಒಂಬತ್ತಕ್ಕೆ ನನ್ನ ಶೋ, ತಪ್ಪಿಸಬೇಡ ಮುದ್ದೂ" ಎಂದು ನನ್ನ ಕೈಗೂ ಒಂದು ತುರುಕುತ್ತಾಳೆ. ಧ್ವನಿ ಗಂಡಿನದು. ಇಲ್ಲಿನ ಡ್ರ್ಯಾಗ್ ಕಲಾವಿದರು ತಮ್ಮ ಆಟದ ಡಂಗುರ ತಾವೇ ಸಾರಬೇಕು.

ನಮ್ಮ ಕಡೆ ಬಯಲಾಟದಲ್ಲಿ ಹೆಣ್ಣು ಪಾತ್ರ ಹಾಕುವವರೊಬ್ಬರಿದ್ದರು. ರಾತ್ರಿ ದ್ರೌಪದಿಯಾಗಿ ರಂಗಕ್ಕೆ ಬಂದರೆ ಊರೆಲ್ಲ ಶಿಳ್ಳೆ. ಗೌಡರೇ ಎದ್ದುಹೋಗಿ ಸೀರೆಗೆ ಹತ್ತು ರೂಪಾಯಿ ನೋಟು ಪಿನ್ನು ಹಾಕುತ್ತಿದ್ದರು. ಬೆಳಗ್ಗೆ ಅದೇ ಮನುಷ್ಯ ಲುಂಗಿ ಉಟ್ಟು ಹೋಟೆಲಿಗೆ ಟೀ ಕುಡಿಯಲು ಬಂದರೆ ಅದೇ ಊರು "ಬಾರಮ್ಮಾ ದ್ರೌಪದಮ್ಮಾ" ಅಂತ ಚುಡಾಯಿಸುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ನೀರಿನ ಬಾಟಲಿ ಕೊಳ್ಳಲು ಅಂಗಡಿಗೆ ಹೋದರೆ ನಮ್ಮ ಮುಂದೆ ಸಾಲಿನಲ್ಲಿ ಆ ಕೆಂಪು ವಿಗ್ಗು, ಕೈಯಲ್ಲಿ ಹಾಲು ಮತ್ತು ಈರುಳ್ಳಿ. ಹಿಂದಿನಿಂದ ಬಂದವನೊಬ್ಬ ಅವಳನ್ನು ಕೇಳುತ್ತಾನೆ: "ಸಾಲು ಇದೇ ತಾನೆ?" "ಇದೇ." ಅಷ್ಟೇ.

ನಾವು ಇಳಿದುಕೊಳ್ಳುವುದು ಒಂದು ಹಳೆಯ ಮರದ ಮನೆಯಲ್ಲಿ. ಬಾಗಿಲ ಪಕ್ಕ ನೀಲಿ ಹೈಡ್ರೇಂಜಿಯ ಹೂವಿನ ಗಿಡ, ಕಿರ್ರೆನ್ನುವ ಮೆಟ್ಟಿಲು, ತಲೆ ತಗ್ಗಿಸಿ ಹೋಗಬೇಕಾದ ಬಾಗಿಲು. ಮನೆಯೊಡೆಯ ಎಪ್ಪತ್ತರ ಆಸುಪಾಸಿನವನು. ಬೀಗದಕೈ ಕೊಡುತ್ತ ಎರಡು ಪ್ರಶ್ನೆ ಕೇಳುತ್ತಾನೆ: ತಿಂಡಿ ಎಷ್ಟು ಹೊತ್ತಿಗೆ, ಕಾಫಿಗೆ ಹಾಲು ಬೇಕೋ ಬೇಡವೋ. ಕೋಣೆಯಲ್ಲಿ ಒಂದೇ ಮಂಚ. ಅದರ ಬಗ್ಗೆ ಅವನೂ ಮಾತಾಡುವುದಿಲ್ಲ, ನಾವೂ ಮಾತಾಡುವುದಿಲ್ಲ.

ಹಾಗೆ ನೋಡಿದರೆ ಕಲ್ಯಾಣದುರ್ಗದ ಲಾಡ್ಜಿನಲ್ಲೂ ನಮಗೆ ಒಂದೇ ಮಂಚದ ಕೋಣೆ ಸಿಕ್ಕಿತ್ತು. ನಮ್ಮವನು ಶಿವಮೊಗ್ಗದವನು, ನಮ್ಮೂರು ನೋಡುತ್ತೇನೆಂದು ಹಟ ಹಿಡಿದು ಬಂದಿದ್ದ. ಕೌಂಟರಿನವನು ಆಧಾರ್ ಜೆರಾಕ್ಸ್ ತಗೊಂಡು ಸರಾಗವಾಗಿ ಬೀಗದಕೈ ಕೊಟ್ಟ. ಪಕ್ಕದಲ್ಲಿ ನಿಂತಿದ್ದ ಗಂಡು-ಹೆಣ್ಣಿನ ಜೋಡಿಗೆ ಮಾತ್ರ ಮದುವೆಯ ಫೋಟೋ ತೋರಿಸಿ ಅಂತ ಪಟ್ಟು ಹಿಡಿದಿದ್ದ. ಸಂಜೆ ಬಸ್‌ಸ್ಟ್ಯಾಂಡಿನ ತುಂಬ ಕೈಗೆ ಕೈ ಬೆಸೆದುಕೊಂಡು ಓಡಾಡುವ ಗಂಡಸರು. ಬೆರಳಿಗೆ ಬೆರಳು ಸೇರಿಸಿ ನಾವೂ ನಡೆದೆವು, ಒಂದು ನಾಯಿಯೂ ತಿರುಗಿ ನೋಡಲಿಲ್ಲ. ಇಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲೂ ಯಾರೂ ನೋಡುವುದಿಲ್ಲ. ಅಲ್ಲಿ ಕೇಳದಿರುವುದು ಹೊಳೆಯದೇ ಇರುವುದರಿಂದ. ಇಲ್ಲಿ ಕೇಳದಿರುವುದು ಗೊತ್ತಿರುವುದರಿಂದ. ಹೊಳೆದ ದಿನ ಆ ಲಾಡ್ಜಿನಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ನಿದ್ದೆಗೆಟ್ಟು ಯೋಚಿಸಿದ್ದೇನೆ.

ಈ ಊರನ್ನು ಹೀಗೆ ಮಾಡಿದ್ದು ಬಾಡಿಗೆ ಕೋಣೆಯೇ ಅಂತ ನನ್ನ ಲೆಕ್ಕ. 1620ರ ನವೆಂಬರಿನಲ್ಲಿ ಮೇಫ್ಲವರ್ ಹಡಗಿನ ಯಾತ್ರಿಕರು ಮೊದಲು ಲಂಗರು ಹಾಕಿದ್ದು ಇಲ್ಲಿ. ಪ್ಲಿಮತ್ತಿಗೆ ಹೋದದ್ದು ಆಮೇಲೆ. ಅವರ ನೆನಪಿಗೇ 1907ರಲ್ಲಿ ಅಡಿಗಲ್ಲು ಹಾಕಿ 1910ರಲ್ಲಿ ಮುಗಿಸಿದ 252 ಅಡಿಯ ಆ ಗ್ರಾನೈಟ್ ಗೋಪುರ. ಮಹಾ ಮಡಿವಂತರು ಅವರು. ಗೋಪುರದ ಬುಡದಲ್ಲಿ ಈಗ ನಡೆಯುವುದನ್ನು ಕಂಡರೆ ವಾಪಸ್ ಹಡಗು ಹತ್ತುತ್ತಿದ್ದರೇನೋ. ಹತ್ತೊಂಬತ್ತನೆಯ ಶತಮಾನದಲ್ಲಿ ಊರು ಬದುಕಿದ್ದು ತಿಮಿಂಗಿಲ ಬೇಟೆ ಮತ್ತು ಕಾಡ್ ಮೀನಿನ ಮೇಲೆ. ಬೇಟೆ ಹಡಗುಗಳ ಜೊತೆ ಅಜೋರ್ಸ್ ದ್ವೀಪಗಳಿಂದ ಪೋರ್ಚುಗೀಸರು ಬಂದು ನೆಲೆಸಿದರು. 1898ರ ನವೆಂಬರಿನ ಬಿರುಗಾಳಿ ಹಡಗು, ಕಟ್ಟೆ ಎರಡನ್ನೂ ಹೊಡೆದುಹಾಕಿತು. ಮರುವರ್ಷವೇ ಚಾರ್ಲ್ಸ್ ಹಾಥಾರ್ನ್ ಎಂಬ ಚಿತ್ರಕಾರ ಇಲ್ಲಿ ಚಿತ್ರಕಲಾ ಶಾಲೆ ತೆರೆದ. ಬೇಸಿಗೆಗೆ ವಿದ್ಯಾರ್ಥಿಗಳು ಬಂದರು. ಅವರಿಗೆ ಅಗ್ಗದ ಕೋಣೆ ಬೇಕು. ಮೀನುಗಾರರ ಮನೆಯಲ್ಲಿ ಕೋಣೆ ಇದೆ, ಕಾಸಿಲ್ಲ. 1916ರಲ್ಲಿ ಕಟ್ಟೆಯ ಮೇಲಿನ ಮೀನಿನ ಕೊಟ್ಟಿಗೆಯೊಂದರಲ್ಲಿ ಯುಜೀನ್ ಓನೀಲ್‌ನ ಮೊದಲ ನಾಟಕ ರಂಗಕ್ಕೆ ಬಂತು. ಹಲಗೆಯ ಸಂದಿಯಿಂದ ಕೆಳಗೆ ಸಮುದ್ರ ಕಾಣುತ್ತಿತ್ತು. ನಾಟಕದವರ ಜೊತೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಎಲ್ಲ ಬಗೆಯ ಜನವೂ ಬಂದರು. ಅವರಲ್ಲಿ ನಮ್ಮಂಥವರೂ ಇದ್ದರು.

ಕಟ್ಟೆಯ ಗೋಡೆಯ ಮೇಲಿದ್ದಾರಲ್ಲ, ಅಂಥ ಅಜ್ಜಿಯರ ಮನೆಯಲ್ಲೇ ಇವರೆಲ್ಲ ಇಳಿದುಕೊಂಡದ್ದು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕ್ಯಾಥೊಲಿಕ್ ಹೆಂಗಸರು. ಬೇಸಿಗೆಯ ಬಾಡಿಗೆ ಬಂದರೆ ಚಳಿಗಾಲಕ್ಕೆ ಸೌದೆ. ಮೇಲಿನ ಕೋಣೆಯ ಇಬ್ಬರು ಹುಡುಗರು ಹೊತ್ತಿಗೆ ಸರಿಯಾಗಿ ದುಡ್ಡು ಕೊಡುತ್ತಾರೆ, ಪಾತ್ರೆ ತೊಳೆದಿಡುತ್ತಾರೆ, ಮುಂದಿನ ವರ್ಷವೂ ಬರುತ್ತಾರೆ. ಇದರಲ್ಲಿ ಆದರ್ಶ ಹುಡುಕಬೇಡಿ. ಸಂಸಾರ ನಡೆಸುವವರ ಲೆಕ್ಕ, ಅಷ್ಟೇ. ಆದರೆ ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದರೆ ಲೆಕ್ಕದ ಜೊತೆ ಇನ್ನೇನೋ ಬೆಳೆಯುತ್ತದೆ. 1952ರಲ್ಲಿ ಊರಿನ ಆಡಳಿತದವರು ಸಭ್ಯ ನಾಗರಿಕರೆಲ್ಲ ಎದ್ದು ಈ ಜನರನ್ನು ದೂರವಿಡಿ ಅಂತ ಬಹಿರಂಗ ಮನವಿ ಹೊರಡಿಸಿದರು. ಕೋಣೆಗಳು ಮಾತ್ರ ಬಾಡಿಗೆಗೆ ಹೋಗುತ್ತಲೇ ಇದ್ದವು. ಬೆಂಗಳೂರಿನಲ್ಲಿ "ಫ್ಯಾಮಿಲಿಗೆ ಮಾತ್ರ" ಎಂಬ ಬೋರ್ಡು ಓದುತ್ತ ಬೀದಿ ಬೀದಿ ಅಲೆದ ನನಗೆ ಈ ಅಜ್ಜಿಯರ ಕಾಲಿಗೆ ಬೀಳೋಣ ಅನ್ನಿಸುತ್ತದೆ.

ಮಧ್ಯಾಹ್ನ ಸೈಕಲ್ ಬಾಡಿಗೆಗೆ ತಗೊಂಡು ಹೆರಿಂಗ್ ಕೋವ್ ಕಡೆಗೆ. ಊರಿನ ಪಶ್ಚಿಮ ತುದಿ ದಾಟಿದರೆ ಮರಳ ದಿಬ್ಬ, ಕುರುಚಲು ಪೈನ್ ಮರ. 1961ರಲ್ಲಿ ಕೆನಡಿ ಈ ಕರಾವಳಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದರಿಂದ ಇಲ್ಲಿ ಒಂದು ರೆಸಾರ್ಟೂ ಇಲ್ಲ, ಹೋಟೆಲಿನ ಗೋಪುರವೂ ಇಲ್ಲ. ಕಾರು ನಿಲ್ಲಿಸುವ ಜಾಗದ ಹತ್ತಿರ ಮಕ್ಕಳೊಂದಿಗರ ಕುಟುಂಬಗಳು; ಎಡಕ್ಕೆ ನಡೆದರೆ ಹೆಂಗಸರ ಜೋಡಿಗಳು; ಇನ್ನೂ ಮುಂದೆ ಹೋದರೆ ಗಂಡಸರೇ ಗಂಡಸರು. ಗೆರೆ ಎಳೆದವರಿಲ್ಲ, ಬೋರ್ಡಿಲ್ಲ. ಬಟ್ಟೆಯ ವಿಷಯದಲ್ಲಿ ಕೊನೆಯ ಭಾಗದವರು ಉದ್ಯಾನದ ನಿಯಮವನ್ನು ಅಷ್ಟಾಗಿ ಹಚ್ಚಿಕೊಂಡವರಲ್ಲ. ನಾನು ಬನಿಯನ್ ತೆಗೆದದ್ದೇ ದೊಡ್ಡದು.

ಅಲ್ಲಿಗೆ ಅಡ್ಡದಾರಿ ಜೌಗು ನೆಲದ ಮೇಲೆ. ಇಳಿತದ ಹೊತ್ತಿನಲ್ಲಿ ಒಣ ಕಾಲಲ್ಲಿ ದಾಟಬಹುದು. ಉಬ್ಬರ ಬಂದರೆ ಅದೇ ದಾರಿಯಲ್ಲಿ ಸೊಂಟದವರೆಗೆ ನೀರು. ನಾವು ಹೋದಾಗ ನೀರು ಏರುತ್ತಿದೆ. ಚಪ್ಪಲಿ ಕೈಯಲ್ಲಿ, ಬ್ಯಾಗು ತಲೆಯ ಮೇಲೆ. ಕಾಲಡಿ ಕೆಸರು ಜಾರುತ್ತದೆ, ನೀರು ಮಂಜಿನಷ್ಟು ತಣ್ಣಗೆ. ನನಗೆ ಈಜು ಬರುವುದಿಲ್ಲ. ಬೆಳುಗುಪ್ಪದ ಬಾವಿಗಳು ನಾನು ಈಜು ಕಲಿಯುವ ವಯಸ್ಸಿಗೆ ಬರುವ ಮುಂಚೆಯೇ ಬತ್ತಿದ್ದವು. "ಲೇ, ಕೈ ಬಿಡಬೇಡ" ಅನ್ನುತ್ತೇನೆ. "ಈಗ ಹೇಳ್ತೀಯಾ ಮಾರಾಯ, ದೋಣೀಲಿ ಸಮುದ್ರ ನೋಡ್ತಾ ಕೂತಿದ್ದೆಯಲ್ಲ" ಅಂತ ನಮ್ಮವನು ಹಂಗಿಸುತ್ತಾನೆ.

ನಮ್ಮ ಮುಂದೆ ಇಬ್ಬರು ಮುದುಕರು. ಒಬ್ಬನಿಗೆ ಎಂಬತ್ತು ಮೀರಿರಬೇಕು, ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಊರುಗೋಲು. ಇನ್ನೊಬ್ಬ ಹೆಗಲಿಗೆ ಎರಡು ಮಡಿಚುವ ಕುರ್ಚಿ ನೇತುಹಾಕಿಕೊಂಡು ಅವನ ಮೊಣಕೈ ಹಿಡಿದಿದ್ದಾನೆ. ನೀರಿನ ನಡುವೆ ನಿಂತು ಜಗಳ.

"ಬಿಸಿಲಿಗೆ ಹಚ್ಚೋ ಕ್ರೀಮು ಎಲ್ಲಿಟ್ಟೆ?"

"ನೀನೇ ಇಟ್ಟದ್ದು."

"ನಾನು ನಿನ್ನ ಕೈಗೆ ಕೊಟ್ಟೆ."

"ಕೊಟ್ಟಿದ್ದರೆ ಇರುತ್ತಿತ್ತು."

ನಮ್ಮಜ್ಜ-ಅಜ್ಜಿ ಅಡಕೊತ್ತಿಗಾಗಿ ಇದೇ ಜಗಳ ಆಡುತ್ತಿದ್ದರು. ನಾನು ನೀರಿನಲ್ಲೇ ನಿಂತುಬಿಡುತ್ತೇನೆ. ನಮ್ಮೂರಿಗೆ ಹೆಚ್ಚು ದೂರವಿಲ್ಲದ ಸಂಡೂರಿನ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಬರೆದಾಗ, ಕನ್ನಡದಲ್ಲೂ ನನ್ನಂಥವನು ಒಬ್ಬ ಇದ್ದಾನೆ ಅಂತ ಗೊತ್ತಾಗಿ ರಾತ್ರಿಯೆಲ್ಲ ಓದಿದ್ದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುವ ಪ್ರೈಡ್ ಮೆರವಣಿಗೆಯಲ್ಲಿ ಕುಣಿಯುವ ಹುಡುಗರನ್ನು ನೋಡಿದ್ದೇನೆ. ಆದರೆ ಇಬ್ಬರು ಗಂಡಸರು ಒಟ್ಟಿಗೆ ಮುದುಕರಾದದ್ದನ್ನು, ಮಂಡಿನೋವು ಬರಿಸಿಕೊಂಡದ್ದನ್ನು, ಒಬ್ಬರ ಮೇಲೊಬ್ಬರು ರೇಗುವಷ್ಟು ಹಳಬರಾದದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಎಂಬತ್ತು ವರ್ಷಕ್ಕೆ ನಾವು ಹೇಗಿರುತ್ತೇವೆ ಅಂತ ಊಹಿಸಿಕೊಳ್ಳಲು ನನ್ನ ಬಳಿ ಸರಕೇ ಇರಲಿಲ್ಲ. ಕ್ರೀಮು ಕೊನೆಗೆ ಕುರ್ಚಿಯ ಚೀಲದಲ್ಲಿ ಸಿಗುತ್ತದೆ. ಕ್ಷಮೆ ಯಾರೂ ಕೇಳುವುದಿಲ್ಲ.

ದಡದಲ್ಲಿ ನೇರಳೆ ಬಾವುಟ, ಅದರ ಮೇಲೆ ಶಾರ್ಕಿನ ಚಿತ್ರ. ಸೀಲುಗಳು ಹೆಚ್ಚಾದ ಮೇಲೆ ಅವುಗಳನ್ನು ತಿನ್ನಲು ಬಿಳಿ ಶಾರ್ಕುಗಳು ಬರುತ್ತವೆ. ಈಜು ಬಾರದವನಿಗೆ ಇದೊಂದು ಒಳ್ಳೆಯ ನೆಪ.

ನಾಲ್ಕಕ್ಕೆ ದಡ ಖಾಲಿಯಾಗುತ್ತದೆ. ಎಲ್ಲರೂ ಬೋಟ್‌ಸ್ಲಿಪ್‌ನ ಟೀ ಡಾನ್ಸಿಗೆ. ಚಹಾ ಇರುವುದಿಲ್ಲ. ನೀರಿನ ಮೇಲಿನ ಮರದ ಅಟ್ಟ, ನಾಲ್ಕರಿಂದ ಏಳರವರೆಗೆ ರಮ್ಮಿನ ಪಂಚು, ಎದೆ ನಡುಗಿಸುವ ಸಂಗೀತ, ಬೆವರು. ಅರ್ಧ ಗಂಟೆ ಕುಣಿದು ಕಿವಿ ಗುಂಯ್ ಅನ್ನಿಸಿಕೊಂಡು ಹೊರಬಿದ್ದೆವು. ಇದನ್ನೇ ಈ ಊರು ಅಂತ ಜಾಹೀರಾತು ತೋರಿಸುತ್ತದೆ. ನನಗೆ ಆ ಕ್ರೀಮಿನ ಜಗಳವೇ ಸಾಕಿತ್ತು.

ಟೌನ್ ಹಾಲ್ ಪಕ್ಕದಲ್ಲಿ ಒಂದು ಕಲ್ಲಿದೆ. ದೂರಕ್ಕೆ ದೊಡ್ಡ ಚೌಕ ಜಗಲಿ. ಹತ್ತಿರ ಬಂದು ಬಾಗಿದರೆ ಮೇಲ್ಮೈಯೆಲ್ಲ ಅಲೆ: ಗಾಳಿಗೆ ಕದಡಿದ ಸಮುದ್ರದ ಒಂದು ತುಂಡನ್ನು ಕೊರೆದು ಕಲ್ಲಿನಲ್ಲಿ ನಿಲ್ಲಿಸಿದ್ದಾರೆ. ಲಾರೆನ್ ಯೂಯಿಂಗ್ ರೂಪಿಸಿದ ಏಡ್ಸ್ ಸ್ಮಾರಕವಿದು, 2018ರ ಜೂನಿನದು. ಬಂಡೆಗಳ ನಡುವೆ ಹುಟ್ಟಿದವನು, ಕಲ್ಲು ಕಂಡರೆ ಮುಟ್ಟುವ ಚಾಳಿ. ಅಂಗೈ ಇಡುತ್ತೇನೆ. ದಿನವಿಡೀ ಬಿಸಿಲು ಕುಡಿದ ಕಲ್ಲು ಬೆಚ್ಚಗಿದೆ. ಅಲೆಯ ಏಣು ಬೆರಳಿಗೆ ಒತ್ತುತ್ತದೆ, ತಗ್ಗಿನಲ್ಲಿ ಮರಳ ಕಣ.

ಎಂಬತ್ತರ ದಶಕದಲ್ಲಿ ಹುಡುಗರು ಇಲ್ಲಿಗೆ ಸಾಯಲು ಬಂದರು. ಹೆತ್ತವರು ಬಾಗಿಲು ಹಾಕಿಕೊಂಡರು, ಕೆಲಸ ಹೋಯಿತು, ಗೊತ್ತಿದ್ದ ಊರು ಇದೊಂದೇ. 1983ರಲ್ಲೇ, ದೇಶಕ್ಕೆ ರೋಗದ ತಲೆಬುಡ ತಿಳಿಯುವ ಮುಂಚೆ, ಊರಿನ ನರ್ಸ್ ಆಲಿಸ್ ಫೋಲಿ ಮತ್ತು ಪ್ರೆಸ್ಟನ್ ಬ್ಯಾಬಿಟ್ ಸೇರಿ ಏಡ್ಸ್ ನೆರವಿನ ಸಂಘ ಕಟ್ಟಿದರು. ಈ ರೋಗದ ಚಿಕಿತ್ಸೆಗೆ ಬಾಸ್ಟನ್ನಿನವರೆಗೆ ಹೋಗಬೇಕಿತ್ತು. ಕಾರಿದ್ದವರು ಸರದಿಯ ಮೇಲೆ ರೋಗಿಗಳನ್ನು ಕೂರಿಸಿಕೊಂಡು ಹೋಗಿಬಂದರು, ಉಳಿದವರು ಅಡುಗೆ ಮಾಡಿ ಮನೆಮನೆಗೆ ಮುಟ್ಟಿಸಿದರು. ಜೌಗಿನಲ್ಲಿ ಕಂಡ ಮುದುಕರ ವಯಸ್ಸಿನವರು ಆಗ ನಲವತ್ತರ ಹರೆಯದವರು. ಆ ಓರಗೆಯಲ್ಲಿ ಎಷ್ಟು ಜೋಡಿ ಇನ್ನೂ ಕುರ್ಚಿ ಹೊತ್ತು ನಡೆಯಬೇಕಿತ್ತೋ.

ಟೌನ್ ಹಾಲಿನ ಮೆಟ್ಟಿಲ ಮೇಲೆ ಒಂದು ಮದುವೆ ಮುಗಿದಿದೆ. ಬಿಳಿ ಪ್ಯಾಂಟಿನ ಇಬ್ಬರು ಹೆಂಗಸರು, ತಲೆಯ ಮೇಲೆ ಹೂವಿನ ಎಸಳು. 2004ರ ಮೇ 17ರಂದು ಸಲಿಂಗಿಗಳ ಮದುವೆಗೆ ಕಾನೂನಿನ ಮುದ್ರೆ ಒತ್ತಿದ ಅಮೆರಿಕದ ಮೊದಲ ರಾಜ್ಯ ಮ್ಯಾಸಚೂಸೆಟ್ಸ್. ಹೊರರಾಜ್ಯದವರಿಗೆ ಕೊಡಬಾರದೆಂದು 1913ರ ಹಳೇ ಕಾನೂನೊಂದನ್ನು ಕೆದಕಿ ಅಡ್ಡಹಾಕಿದರು. ಅದು ಹೋದದ್ದು 2008ರಲ್ಲಿ. ಈಗ ಬೆಳುಗುಪ್ಪದವನೂ ಶಿವಮೊಗ್ಗದವನೂ ಇಲ್ಲಿ ಅರ್ಜಿ ಹಾಕಿದರೆ ಕಾಗದ ಸಿಗುತ್ತದೆ. ಬೆಂಗಳೂರಿನಲ್ಲಿ ಇಳಿದ ಕೂಡಲೇ ಅದಕ್ಕೆ ಬೆಲೆಯಿಲ್ಲ. 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟು ಮದುವೆ ತನ್ನ ಕೈಯಲ್ಲಿಲ್ಲ, ಸಂಸತ್ತನ್ನು ಕೇಳಿ ಅಂದಿದೆ. "ಮಾಡಿಕೊಳ್ಳೋಣವಾ?" ಅನ್ನುತ್ತಾನೆ ನಮ್ಮವನು. "ಊಟ ಮಾಡೋಣ ನಡಿ" ಅನ್ನುತ್ತೇನೆ.

ರಾತ್ರಿ ಒಂಬತ್ತು ಅಂದರೆ ಊರಲ್ಲಿ ಬೆಳಗ್ಗೆ ಆರೂವರೆ. ಅಮ್ಮನ ಫೋನು.

"ಉಂಡ್ಯೇನಪ್ಪಾ?"

"ಆಯ್ತಮ್ಮಾ. ಸಮುದ್ರ ನೋಡೋಕೆ ಬಂದಿದೀವಿ."

"ಸಮುದ್ರಾನಾ! ಇಲ್ಲಿ ಬಿತ್ತನೆ ಮಾಡಿ ಆಕಾಶ ನೋಡ್ತಾ ಕೂತಿದೀವಿ. ಅಲ್ಲೇನು, ಮಳೆ ಆಗೈತಾ? ಯಾರ ಜೊತೆ ಹೋಗಿದೀಯ?"

"ಫ್ರೆಂಡ್ ಜೊತೆ."

"ಆ ಶಿವಮೊಗ್ಗದ ಹುಡುಗನಾ?"

"ಹೂಂ."

"ಚಟ್ನಿಪುಡಿ ಕಳಿಸ್ತೀನಿ. ಇಬ್ಬರಿಗೂ ಆಗೋಷ್ಟು ಹಾಕಿರ್ತೀನಿ."

2021ರ ನವೆಂಬರಿನಲ್ಲಿ ತೃತೀಯಲಿಂಗಿ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳಲು ಹೋಗಿ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟೀವಿಯಲ್ಲಿ ನೋಡಿ ಅಮ್ಮ ಕಣ್ಣೊರೆಸಿಕೊಂಡಿದ್ದಳು. "ಎಷ್ಟು ನೊಂದಿತ್ತೋ ಆ ಜೀವ" ಅಂದಿದ್ದಳು. ನನ್ನ ಮದುವೆಯ ಮಾತು ಎತ್ತುವುದನ್ನು ಬಿಟ್ಟದ್ದೂ ಹೆಚ್ಚುಕಡಿಮೆ ಆಗಿನಿಂದಲೇ. ಅವಳು ಕೇಳದಿರುವುದು ಕಲ್ಯಾಣದುರ್ಗದ ಬಗೆಯದೋ ಪ್ರಾವಿನ್ಸ್‌ಟೌನಿನ ಬಗೆಯದೋ, ನಾನೂ ಕೇಳಿಲ್ಲ.

ಸ್ವರ್ಗಕ್ಕೆ ಬಂದೆ ಅಂತ ಬರೆಯುವ ಉಮೇದು ನನಗಿಲ್ಲ. ಜುಲೈ ತಿಂಗಳಲ್ಲಿ ಇಲ್ಲಿನ ಒಂದು ರಾತ್ರಿಯ ಬಾಡಿಗೆಗೆ ನಮ್ಮ ಕಡೆ ನಾಲ್ಕು ಎಕರೆಗೆ ಬಿತ್ತನೆ ಕಡಲೆಕಾಯಿ ಬರುತ್ತದೆ. ಬೀದಿಯಲ್ಲಿ ಕಂಡವರಲ್ಲಿ ನಮ್ಮ ಬಣ್ಣದವರು ಬೆರಳೆಣಿಕೆ. ಅಜ್ಜಿಯರ ಮನೆಗಳನ್ನು ದುಡ್ಡಿದ್ದವರು ಕೊಂಡು ಬೇಸಿಗೆಗಷ್ಟೇ ಬೀಗ ತೆಗೆಯುತ್ತಾರೆ. ವರ್ಷಪೂರ್ತಿ ಇರುವವರು ಸುಮಾರು 3,600 ಜನ. ಮಕ್ಕಳಿಲ್ಲದೆ ಹೈಸ್ಕೂಲು 2013ರಲ್ಲಿ 8 ವಿದ್ಯಾರ್ಥಿಗಳ ಕೊನೆಯ ತಂಡವನ್ನು ಕಳಿಸಿ ಮುಚ್ಚಿಕೊಂಡಿತು. ಪಾತ್ರೆ ತೊಳೆಯಲು, ಹಾಸಿಗೆ ಬದಲಿಸಲು ಜಮೈಕಾದಿಂದ, ಬಲ್ಗೇರಿಯಾದಿಂದ ಹಂಗಾಮಿ ವೀಸಾದ ಮೇಲೆ ಜನ ಬರುತ್ತಾರೆ. ಇಂದು ಕೋಣೆ ಸಿಗದೆ ಒದ್ದಾಡುವವರು ಅವರು.

ರಾತ್ರಿ ಒಂದಕ್ಕೆ ಬಾರುಗಳು ಮುಚ್ಚುತ್ತವೆ. ಮನೆಗೆ ಹೋಗಲು ಮನಸ್ಸಿಲ್ಲದವರೆಲ್ಲ ಸ್ಪಿರಿಟಸ್ ಪಿಜ್ಜಾ ಅಂಗಡಿಯ ಮುಂದೆ ಸೇರುತ್ತಾರೆ. ಬೀದಿ ತುಂಬಿ ನಿಂತಿದೆ: ಮಿನುಗು ಬಳಿದುಕೊಂಡವರು, ಚಡ್ಡಿಯವರು, ವಿಗ್ಗು ಕಂಕುಳಲ್ಲಿ ಇಟ್ಟುಕೊಂಡು ಬೋಳುತಲೆ ಒರೆಸಿಕೊಳ್ಳುತ್ತಿರುವ ಮಧ್ಯಾಹ್ನದ ಆ 'ಹೆಂಗಸು'. ಕಟ್ಟೆಯ ಮೇಲೆ ನಮ್ಮ ಪಕ್ಕ ಕೂತವನು ಅಡುಗೆಮನೆಯ ಏಪ್ರನ್ ಇನ್ನೂ ಬಿಚ್ಚಿಲ್ಲ. ಜಮೈಕಾದವನು, ಊರಲ್ಲಿ ಹೆಂಡತಿ, ಎರಡು ಮಕ್ಕಳು.

"ಇಂಡಿಯಾನಾ? ಅಣ್ಣ-ತಮ್ಮನಾ?"

"ಅಲ್ಲ."

ಅವನು ಹಣೆ ಚಚ್ಚಿಕೊಂಡು ನಗುತ್ತಾನೆ. "ಮೂರು ಬೇಸಿಗೆಯಾಯ್ತು ಇಲ್ಲಿಗೆ ಬಂದು. ಆದರೂ ಬಾಯಿಗೆ ಮೊದಲು ಅದೇ ಬರುತ್ತೆ."

ನಿಮ್ಮಲ್ಲಿ ಇದಕ್ಕೆ ಜೈಲಾ ಅಂತ ಕೇಳುತ್ತಾನೆ. ಇತ್ತು, 377ನೇ ಕಲಂ, 2018ರ ಸೆಪ್ಟೆಂಬರ್ 6ರಂದು ಹೋಯಿತು, ಬ್ರಿಟಿಷರು ಬರೆದಿಟ್ಟದ್ದು ಅನ್ನುತ್ತೇನೆ. ನಮ್ಮದೂ ಅವರೇ ಬರೆದದ್ದು, ಇನ್ನೂ ಇದೆ ಅನ್ನುತ್ತಾನೆ ಅವನು, ಪಿಜ್ಜಾದ ಅಂಚು ಅಗಿಯುತ್ತ. ಊರಲ್ಲಿ ತನ್ನ ಸೋದರತ್ತೆಯ ಮಗನೊಬ್ಬನಿದ್ದಾನೆ, ಅವನಿಗೆ ಈ ಬೀದಿ ತೋರಿಸಬೇಕು, ವೀಸಾ ಸಿಗಬೇಕಲ್ಲ ಅನ್ನುತ್ತಾನೆ. ಎದ್ದು ಏಪ್ರನ್ನಿಗೆ ಕೈ ಒರೆಸಿಕೊಂಡು, ಬೆಳಗ್ಗೆ ಏಳಕ್ಕೆ ಇನ್ನೊಂದು ಕಡೆ ಕೆಲಸವಿದೆಯೆಂದು ಸೈಕಲ್ ಹತ್ತುತ್ತಾನೆ. ಪೊಲೀಸಿನವನು ಜನರನ್ನು ಸರಿಸಿ ಅವನಿಗೆ ದಾರಿ ಮಾಡಿಕೊಡುತ್ತಾನೆ. ನಮ್ಮವನು ಇನ್ನೊಂದು ತುಂಡು ಪಿಜ್ಜಾ ತರುತ್ತೇನೆಂದು ಸಾಲಿಗೆ ಹೋಗಿ ನಿಂತವನು, ಅಲ್ಲಿಂದಲೇ ಕೂಗುತ್ತಾನೆ: "ಖಾರ ಹಾಕಿಸಲಾ?"

"ಹಾಕ್ಸೋ, ಜಾಸ್ತೀನೇ ಹಾಕ್ಸು."